ಮಿನುಗದಿದ್ದರೆ ಗ್ರಹ ಎಂಬ ಸೂತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ಚಿಂತಾಮಣಿಯ ಟೊಮೆಟೊ ಬೆಳೆಗಾರ, 24 ಜನವರಿ 2025

ಮಾನ್ಯರೇ,

ನಮ್ಮ ತೋಟದ ಕಡೆಗೆ ತ್ರೀಫೇಸ್ ಕರೆಂಟು ಹೆಚ್ಚಾಗಿ ರಾತ್ರಿ ಪಾಳಿಯಲ್ಲಿಯೇ ಬರುತ್ತದೆ. ಮೋಟಾರು ಹಾಕಿದ ಮೇಲೆ ಡ್ರಿಪ್ಪಿನ ವಾಲ್ವನ್ನು ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ತಿರುಗಿಸುವವರೆಗೆ ಬದುವಿನ ಮೇಲೆ ಕುಳಿತು ಕಾಯುವುದಲ್ಲದೆ ಬೇರೆ ಕೆಲಸವಿರುವುದಿಲ್ಲವಾದ್ದರಿಂದ ಆಕಾಶವನ್ನು ನೋಡುವುದು ಅಭ್ಯಾಸವಾಗಿದೆ. ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮಗಳೂ ಕೆಲವು ದಿನ ಜೊತೆಗೆ ಬರುತ್ತಾಳೆ. ನಕ್ಷತ್ರಗಳು ಮಿನುಗುತ್ತವೆ, ಗ್ರಹಗಳು ಮಿನುಗುವುದಿಲ್ಲ ಎಂದು ಅವಳು ಶಾಲೆಯಲ್ಲಿ ಕಲಿತಿದ್ದಾಳೆ. ಈ ವಾರ ಗ್ರಹಗಳೆಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ ಎಂಬ ಸಂದೇಶ ಎಲ್ಲರ ವಾಟ್ಸ್‌ಆ್ಯಪ್‌ಗೂ ಬಂದಿರುವುದರಿಂದ, ಆ ಸೂತ್ರವನ್ನೇ ಹಿಡಿದುಕೊಂಡು ಗ್ರಹಗಳನ್ನು ಹುಡುಕಲು ಹೊರಟೆವು. ಹುಡುಕಿದಷ್ಟೂ ಗೊಂದಲವೇ ಹೆಚ್ಚಾಯಿತು.

ಸಂಜೆ ಪಶ್ಚಿಮದಲ್ಲಿ ಎಲ್ಲಕ್ಕಿಂತ ಮೊದಲು ಕಾಣುವ ಬೆಳ್ಳಿಯು ಕತ್ತಲಾಗುವಾಗ ಸ್ವಲ್ಪವೂ ಅಲುಗದೆ ಇರುತ್ತದೆ. ಆದರೆ ಒಂಬತ್ತು ಗಂಟೆಯ ಸುಮಾರಿಗೆ ಬೆಟ್ಟದ ಸಾಲಿನ ಹತ್ತಿರಕ್ಕೆ ಇಳಿದಾಗ ಅದೂ ನಡುಗುತ್ತದೆ. ನೆತ್ತಿಯ ಮೇಲೆ ಇನ್ನೊಂದು ಬಿಳಿಯ ದೊಡ್ಡ ಚುಕ್ಕಿ ಸ್ಥಿರವಾಗಿದೆ, ಅದರ ಪಕ್ಕದಲ್ಲಿರುವ ಕೆಂಪು ಛಾಯೆಯ ಚುಕ್ಕಿಯೂ ಹೆಚ್ಚುಕಡಿಮೆ ಸ್ಥಿರವಾಗಿಯೇ ಇದೆ. ಆಗ್ನೇಯದಲ್ಲಿ ಒಂದು ಪ್ರಖರವಾದ ಚುಕ್ಕಿ ನೀಲಿ, ಕೆಂಪು, ಹಸಿರು ಬಣ್ಣಗಳನ್ನು ಎರಚುತ್ತಿದೆ. ದಕ್ಷಿಣದ ದಿಗಂತದ ಮೇಲೆ ಮತ್ತೊಂದು ಹೊಳೆಯುವ ಚುಕ್ಕಿ ಇದೆ. ಹೀಗಿರುವಾಗ ಮಿನುಗುವಿಕೆಯನ್ನು ನಂಬಬೇಕೇ, ಅಥವಾ ಇದಕ್ಕಿಂತ ಗಟ್ಟಿಯಾದ ಗುರುತೊಂದು ಇದೆಯೇ? ದೂರದರ್ಶಕವಿಲ್ಲದೆ, ಬರಿಗಣ್ಣಿನಿಂದಲೇ ನಿರ್ಧರಿಸುವ ವಿಧಾನವನ್ನು ತಿಳಿದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ತುಮಕೂರಿನ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, 24 ಜನವರಿ 2025

ನಿಮ್ಮ ಮಗಳು ಕಲಿತದ್ದು ತಪ್ಪಲ್ಲ, ಆದರೆ ಆ ಸೂತ್ರಕ್ಕೆ ಒಂದು ಷರತ್ತಿದೆ. ಅದನ್ನು ಪಾಠ ಹೇಳುವಾಗ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮಿನುಗುವಿಕೆ ಚುಕ್ಕಿಯಲ್ಲಿ ಹುಟ್ಟುವುದಿಲ್ಲ, ನಮ್ಮ ತಲೆಯ ಮೇಲಿರುವ ಗಾಳಿಯಲ್ಲಿ ಹುಟ್ಟುತ್ತದೆ. ಬಿಸಿ ಗಾಳಿ ಮತ್ತು ತಣ್ಣನೆಯ ಗಾಳಿ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತವೆ, ಅವೆರಡೂ ಸದಾ ಕದಡುತ್ತಿರುವುದರಿಂದ ಕಣ್ಣಿಗೆ ಬಂದು ಸೇರುವ ಬೆಳಕು ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆಯಾಗುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ಶಿರಾ ಹೆದ್ದಾರಿಯ ಮೇಲೆ ದೂರದಿಂದ ಬರುವ ಲಾರಿಯು ಅಲೆಅಲೆಯಾಗಿ ಕಾಣುವುದಕ್ಕೂ ಇದೇ ಕಾರಣ. ಗಾಳಿಯಿಂದ ಹೊರಗೆ, ಬಾಹ್ಯಾಕಾಶದಲ್ಲಿ ನಿಂತು ನೋಡಿದವರಿಗೆ ಯಾವ ನಕ್ಷತ್ರವೂ ಮಿನುಗುವುದಿಲ್ಲ.

ಹಾಗಾದರೆ ಅದೇ ಗಾಳಿಯಲ್ಲಿ ಹಾದುಬರುವ ಗ್ರಹದ ಬೆಳಕು ಏಕೆ ಸ್ಥಿರವಾಗಿರುತ್ತದೆ? ಉತ್ತರವು ಅವುಗಳ ತೋರಿಕೆಯ ಗಾತ್ರದಲ್ಲಿದೆ. ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಸಿಗುವ ವಿಕಲೆ ಎಂಬ ಅಳತೆಯಲ್ಲಿ ಹೇಳುವುದಾದರೆ, ಈ ವಾರ ಗುರುವಿನ ಬಿಂಬ ಸುಮಾರು 44 ವಿಕಲೆ, ಶುಕ್ರನದು 28ರ ಆಸುಪಾಸು, ಶನಿಯದು 16, ಮಂಗಳನದು 14 ವಿಕಲೆಗಳಷ್ಟಿವೆ. ನಕ್ಷತ್ರಗಳ ಪೈಕಿ ತೋರಿಕೆಗೆ ಅತಿ ದೊಡ್ಡವುಗಳಲ್ಲಿ ಒಂದಾದ ಆರ್ದ್ರೆಯು ಸೂರ್ಯನಿಗಿಂತ ನೂರಾರು ಪಟ್ಟು ದೊಡ್ಡದಾಗಿದ್ದರೂ ನಮಗೆ ಕಾಣುವುದು ಒಂದು ವಿಕಲೆಯ ಇಪ್ಪತ್ತನೇ ಒಂದು ಭಾಗವನ್ನೂ ಮೀರದಷ್ಟು. ಬರಿಗಣ್ಣಿಗೆ ಎರಡೂ ಚುಕ್ಕಿಗಳೇ. ಗಾಳಿಯ ಪಾಲಿಗೆ ಮಾತ್ರ ಒಂದು ಬಿಂದು, ಇನ್ನೊಂದು ತಟ್ಟೆ. ಬಿಂದುವಿನಿಂದ ಬರುವ ಬೆಳಕೆಲ್ಲವೂ ಒಂದೇ ಎಳೆಯಾಗಿ ಬರುವುದರಿಂದ ಗಾಳಿಯ ಕದಡು ಅದನ್ನು ಪೂರ್ತಿಯಾಗಿ ಏರಿಳಿಸುತ್ತದೆ. ಬಿಂಬದ ಬೆಳಕಾದರೋ ಲೆಕ್ಕವಿಲ್ಲದಷ್ಟು ಎಳೆಗಳಾಗಿ, ಸ್ವಲ್ಪ ಸ್ವಲ್ಪ ಬೇರೆಯಾದ ದಾರಿಗಳಲ್ಲಿ ಬರುತ್ತದೆ; ಬಿಂಬದ ಒಂದು ಅಂಚಿನ ಬೆಳಕು ಕುಂದಿದ ಕ್ಷಣದಲ್ಲಿಯೇ ಇನ್ನೊಂದು ಅಂಚಿನದು ಹೆಚ್ಚಿರುತ್ತದೆಯಾದ್ದರಿಂದ ಒಟ್ಟು ಮೊತ್ತದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಈಗ ಷರತ್ತಿನ ವಿಷಯ. ನೆತ್ತಿಯ ಮೇಲಿನ ಚುಕ್ಕಿಯ ಬೆಳಕು ಹಾದುಬರುವ ಗಾಳಿಯ ದಪ್ಪವನ್ನು ಒಂದು ಎಂದು ಇಟ್ಟುಕೊಂಡರೆ, ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ಚುಕ್ಕಿಗೆ ಅದು ಎರಡಾಗುತ್ತದೆ, 10 ಡಿಗ್ರಿಯಲ್ಲಿ ಐದೂವರೆಗೂ ಹೆಚ್ಚಾಗುತ್ತದೆ, ದಿಗಂತಕ್ಕೆ ಅಂಟಿಕೊಂಡಂತೆ ಇದ್ದರೆ ಮೂವತ್ತನ್ನೂ ದಾಟುತ್ತದೆ. ಅಷ್ಟು ಗಾಳಿಯನ್ನು ದಾಟಿ ಬರುವ ಶುಕ್ರನೂ ನಡುಗುತ್ತಾನೆ. ಬುಧನಂತೂ ಸೂರ್ಯನಿಂದ 28 ಡಿಗ್ರಿಗಿಂತ ದೂರ ಹೋಗದೆ ಸದಾ ದಿಗಂತದ ಹತ್ತಿರವೇ ಕಾಣುವುದರಿಂದ ಯಾವಾಗಲೂ ಮಿನುಗುವ ಗ್ರಹವೆಂದೇ ಹೇಳಬೇಕು. ಅದೇ ರೀತಿ ನೆತ್ತಿಯ ಮೇಲಿರುವ ನಕ್ಷತ್ರ, ಗಾಳಿ ಶಾಂತವಾಗಿರುವ ರಾತ್ರಿಯಲ್ಲಿ, ಗ್ರಹದಷ್ಟೇ ಸ್ಥಿರವಾಗಿ ತೋರಬಹುದು. ನೀವು ನೆತ್ತಿಯ ಮೇಲೆ ಕಂಡ ಬಿಳಿಯ ದೊಡ್ಡ ಚುಕ್ಕಿ ಗುರು, ಅದರ ಪಕ್ಕದ ಕೆಂಪು ಛಾಯೆಯ ಚುಕ್ಕಿ ರೋಹಿಣಿ ನಕ್ಷತ್ರ. ರೋಹಿಣಿಯ ವಿಷಯದಲ್ಲಿ ಆಗಿರುವುದು ಇದೇ.

ಆದ್ದರಿಂದ ಮಿನುಗುವಿಕೆಯನ್ನು ಪರೀಕ್ಷೆಯಾಗಿ ಬಳಸುವುದಾದರೆ ಒಂದೇ ಎತ್ತರದಲ್ಲಿರುವ ಎರಡು ಚುಕ್ಕಿಗಳನ್ನು ಹೋಲಿಸಬೇಕು. ಅದಕ್ಕೆ ಈ ವಾರ ಒಳ್ಳೆಯ ಜೋಡಿಯೊಂದಿದೆ. ರಾತ್ರಿ ಎಂಟು ಗಂಟೆಗೆ ಈಶಾನ್ಯಕ್ಕೆ ವಾಲಿದ ಪೂರ್ವದಲ್ಲಿ ಕಿತ್ತಳೆ ಬಣ್ಣದ ಮಂಗಳನೂ, ಆಗ್ನೇಯದಲ್ಲಿ ನೀವು ಕಂಡ ಬಣ್ಣ ಎರಚುವ ಚುಕ್ಕಿಯಾದ ಲುಬ್ಧಕ ನಕ್ಷತ್ರವೂ ದಿಗಂತದಿಂದ ಹೆಚ್ಚುಕಡಿಮೆ ಸಮಾನ ಎತ್ತರದಲ್ಲಿ, ಅಂದರೆ 35ರಿಂದ 40 ಡಿಗ್ರಿಯ ಒಳಗೆ ಇರುತ್ತವೆ. ಹೊಳಪಿನಲ್ಲಿಯೂ ಅವುಗಳ ನಡುವೆ ಹೆಚ್ಚಿನ ಅಂತರವಿಲ್ಲ. ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದರೆ ಸೂತ್ರದ ಅರ್ಥವೇನೆಂಬುದು ನಿಮ್ಮ ಮಗಳಿಗೆ ತಕ್ಷಣ ತಿಳಿಯುತ್ತದೆ. ಲುಬ್ಧಕವು ಎರಚುವ ಬಣ್ಣಗಳು ಅದರ ಸ್ವಂತ ಬಣ್ಣಗಳಲ್ಲ, ಅದು ಬಿಳಿಯ ನಕ್ಷತ್ರ. ಗಾಳಿಯು ನೀಲಿಯನ್ನು ಕೆಂಪಿಗಿಂತ ಸ್ವಲ್ಪ ಹೆಚ್ಚು ಬಾಗಿಸುವುದರಿಂದ ಬಣ್ಣಗಳು ಬೇರೆ ಬೇರೆ ದಾರಿಯಲ್ಲಿ ಬಂದು, ಒಂದೊಂದು ಕ್ಷಣಕ್ಕೆ ಒಂದೊಂದು ಮುಂದಾಗುತ್ತದೆ. ಎಲ್ಲ ನಕ್ಷತ್ರಗಳಿಗೂ ಹೀಗೆಯೇ ಆಗುತ್ತದೆ, ಆದರೆ ಮಂಕಾದವುಗಳಲ್ಲಿ ಬಣ್ಣವನ್ನು ಗುರುತಿಸುವ ಶಕ್ತಿ ನಮ್ಮ ಕಣ್ಣಿಗಿಲ್ಲ.

ಇನ್ನೊಂದು ಸೂಚನೆ: ನಮ್ಮ ಜಿಲ್ಲೆಗಳಲ್ಲಿ ಕಲ್ಲುಬೆಟ್ಟಗಳು ಹೆಚ್ಚು. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಸಂಜೆಯ ಮೇಲೆ ಆ ಕಾವನ್ನು ಬಿಡುತ್ತಾ ಹೋಗುತ್ತದೆ. ಅಂತಹ ಬೆಟ್ಟದ ತಲೆಯ ಮೇಲಿರುವ ಚುಕ್ಕಿಯನ್ನು ನೋಡಿ ತೀರ್ಮಾನಕ್ಕೆ ಬರಬಾರದು.

ಉತ್ತರ: ಆವನಿಯ ಓದುಗ, 25 ಜನವರಿ 2025

ಮೇಷ್ಟ್ರು ಹೇಳಿದ ಕಾರಣಗಳು ಸರಿಯಾಗಿವೆ. ಆದರೆ ಚುಕ್ಕಿಯನ್ನು ಗುರುತಿಸಬೇಕೆನ್ನುವವರು ಮಿನುಗುವಿಕೆಯಿಂದ ಆರಂಭಿಸಲೇಬಾರದು ಎಂಬುದು ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದ ಪ್ರಶ್ನೆ ಅದು ಎಲ್ಲಿದೆ ಎಂಬುದು. ಗ್ರಹಗಳು ಆಕಾಶದಲ್ಲಿ ಎಲ್ಲೆಂದರಲ್ಲಿ ಕಾಣುವುದಿಲ್ಲ. ಸೂರ್ಯನು ವರ್ಷವಿಡೀ ನಕ್ಷತ್ರಗಳ ನಡುವೆ ಸಾಗುವಂತೆ ತೋರುವ ಕ್ರಾಂತಿವೃತ್ತ ಎಂಬ ದಾರಿಯೊಂದಿದೆ. ಭೂಮಿಯೂ ಉಳಿದ ಗ್ರಹಗಳೂ ಸೂರ್ಯನನ್ನು ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಸುತ್ತುತ್ತಿರುವುದರಿಂದ, ಬರಿಗಣ್ಣಿಗೆ ಕಾಣುವ ಐದು ಗ್ರಹಗಳೂ ಚಂದ್ರನೂ ಆ ದಾರಿಯ ಎಡಬಲದಲ್ಲಿ ಕೆಲವೇ ಡಿಗ್ರಿಗಳ ಒಳಗೆ ಓಡಾಡಿಕೊಂಡಿರುತ್ತವೆ. ದಾರಿಯನ್ನು ಬಲ್ಲವನಿಗೆ ಮುಕ್ಕಾಲು ಆಕಾಶವನ್ನು ಮೊದಲ ನೋಟಕ್ಕೇ ಬಿಟ್ಟುಬಿಡಬಹುದು.

ನಮ್ಮ ಊರುಗಳು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಈ ದಾರಿ ನಮಗೆ ತಲೆಯ ಮೇಲೆಯೇ ಹಾದುಹೋಗುತ್ತದೆ. ಅತಿ ಉತ್ತರಕ್ಕೆ ಸರಿದಾಗಲೂ ಅದು ನೆತ್ತಿಯಿಂದ ಹತ್ತು ಡಿಗ್ರಿಯಷ್ಟು ಮಾತ್ರ ಉತ್ತರಕ್ಕಿರುತ್ತದೆ. ಅತಿ ದಕ್ಷಿಣಕ್ಕೆ ಸರಿದಾಗ, ಅದರ ಮೇಲಿರುವ ಗ್ರಹವು ನಡುಬಾನಿಗೆ ಬಂದ ಹೊತ್ತಿನಲ್ಲಿ ದಕ್ಷಿಣ ದಿಗಂತದಿಂದ ಐವತ್ತು ಡಿಗ್ರಿಗೂ ಮೇಲೆಯೇ ಇರುತ್ತದೆ. ಇದರಿಂದ ಒಂದು ಸುಲಭವಾದ ನಿಯಮ ಹೊರಡುತ್ತದೆ: ನೇರ ದಕ್ಷಿಣದಲ್ಲಿ ತಗ್ಗಿನಲ್ಲಿಯೋ, ನೇರ ಉತ್ತರದಲ್ಲಿ ತಗ್ಗಿನಲ್ಲಿಯೋ ಏನೇ ಹೊಳೆಯುತ್ತಿದ್ದರೂ, ಅದು ಎಷ್ಟೇ ಸ್ಥಿರವಾಗಿದ್ದರೂ, ಗ್ರಹವಾಗಿರಲು ಸಾಧ್ಯವಿಲ್ಲ. ನೀವು ದಕ್ಷಿಣದ ದಿಗಂತದ ಮೇಲೆ ಕಂಡದ್ದು ಅಗಸ್ತ್ಯ. ಇಡೀ ಆಕಾಶದಲ್ಲಿ ಲುಬ್ಧಕವನ್ನು ಬಿಟ್ಟರೆ ಅದೇ ಅತಿ ಹೊಳೆಯುವ ನಕ್ಷತ್ರ, ಆದರೆ ನಮ್ಮಲ್ಲಿ 24 ಡಿಗ್ರಿಗಿಂತ ಮೇಲೇರುವುದೇ ಇಲ್ಲ. ಉತ್ತರದ ಕಡೆ ಕಾಣುವ ಬ್ರಹ್ಮಹೃದಯ ಎಂಬ ನಕ್ಷತ್ರವೂ ಈ ದಾರಿಯಿಂದ ದೂರವಿರುವುದರಿಂದ ಅದನ್ನೂ ಗ್ರಹವೆಂದು ಎಣಿಸಬೇಕಾಗಿಲ್ಲ. ಮೂಡುವ ಮತ್ತು ಮುಳುಗುವ ಚುಕ್ಕಿಗಳಿಗಾದರೆ ಅಳತೆ ಬೇರೆ: ನೇರ ಪೂರ್ವದಿಂದ ಅಥವಾ ನೇರ ಪಶ್ಚಿಮದಿಂದ ಎಡಕ್ಕೆ ಇಲ್ಲವೇ ಬಲಕ್ಕೆ ಎರಡೂವರೆ ಮುಷ್ಟಿಯಷ್ಟು ಅಂತರದೊಳಗೆ ಹುಡುಕಿದರೆ ಸಾಕು. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದಾಗ ಅದು ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿಯನ್ನು ಮುಚ್ಚುತ್ತದೆ, ಮಕ್ಕಳ ಕೈ ಚಿಕ್ಕದಾದರೂ ತೋಳೂ ಚಿಕ್ಕದಾಗಿರುವುದರಿಂದ ಅಳತೆ ಹೊಂದಿಕೊಳ್ಳುತ್ತದೆ.

ದಾರಿಯನ್ನು ಗುರುತಿಸಲು ನಾಲ್ಕು ನಕ್ಷತ್ರಗಳು ಮೈಲುಗಲ್ಲುಗಳಾಗಿ ಒದಗುತ್ತವೆ: ರೋಹಿಣಿ, ಮಖೆ, ಚಿತ್ತೆ, ಜ್ಯೇಷ್ಠೆ. ನಾಲ್ಕೂ ಚೆನ್ನಾಗಿ ಹೊಳೆಯುವಂಥವು, ನಾಲ್ಕೂ ಕ್ರಾಂತಿವೃತ್ತದಿಂದ ಆರು ಡಿಗ್ರಿಯೊಳಗೆ ಇರುವಂಥವು. ರಾತ್ರಿ ಪಾಳಿಯವರಿಗೆ ನಾಲ್ಕನ್ನೂ ಒಂದೇ ರಾತ್ರಿಯಲ್ಲಿ ನೋಡುವ ಅನುಕೂಲವಿದೆ. ಸಂಜೆ ರೋಹಿಣಿ ನೆತ್ತಿಯಲ್ಲಿರುವಾಗ, ಎಂಟು ಗಂಟೆಯ ಸುಮಾರಿಗೆ ಪೂರ್ವದಲ್ಲಿ ಮಖೆ ಮೂಡುತ್ತದೆ. ನಡುರಾತ್ರಿಯ ಹೊತ್ತಿಗೆ ಚಿತ್ತೆ ಬರುತ್ತದೆ, ಬೆಳಗಿನ ಜಾವ ಮೂರರ ಆಸುಪಾಸಿಗೆ ಜ್ಯೇಷ್ಠೆ. ಗ್ರಹವೆಂದು ತಪ್ಪಾಗಿ ಭಾವಿಸುವುದೂ ಹೆಚ್ಚಾಗಿ ಈ ನಾಲ್ಕನ್ನೇ ಆದ್ದರಿಂದ, ಇವುಗಳನ್ನು ಒಮ್ಮೆ ಚೆನ್ನಾಗಿ ಪರಿಚಯ ಮಾಡಿಕೊಂಡರೆ ದಾರಿಯ ಮೇಲೆ ಉಳಿಯುವ ಹೊಳೆಯುವ ಚುಕ್ಕಿಯೆಲ್ಲವೂ ಗ್ರಹವೇ ಎಂದು ಬಹುಮಟ್ಟಿಗೆ ಹೇಳಬಹುದು.

ಮಳೆ ನಕ್ಷತ್ರಗಳ ಹೆಸರು ರೈತರಿಗೆ ಬಾಯಿಪಾಠವಿರುತ್ತದೆಯಾದ್ದರಿಂದ ಒಂದು ಎಚ್ಚರಿಕೆ. ಆ ಹೆಸರಿನ ನಕ್ಷತ್ರಗಳೆಲ್ಲವೂ ದಾರಿಯ ಮೇಲಿಲ್ಲ. ಸ್ವಾತಿಯು ಮೂವತ್ತು ಡಿಗ್ರಿಯಷ್ಟು ಉತ್ತರಕ್ಕೆ ದೂರದಲ್ಲಿದೆ, ಆರ್ದ್ರೆಯೂ ದಕ್ಷಿಣಕ್ಕೆ ಸರಿದಿದೆ. ಅಲ್ಲದೆ ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರವನ್ನು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಸೂರ್ಯನು ರೋಹಿಣಿಯಲ್ಲಿರುವುದರಿಂದಲೇ ಆ ಮಳೆಗೆ ಆ ಹೆಸರು; ಆಗ ನಕ್ಷತ್ರವು ಸೂರ್ಯನ ಜೊತೆಗೆ ಹಗಲಿನಲ್ಲಿಯೇ ಮೂಡಿ ಮುಳುಗುತ್ತದೆ.

ಮನೆಯ ಗೋಡೆಯ ಮೇಲಿರುವ ಪಂಚಾಂಗವೂ ಈ ಕೆಲಸಕ್ಕೆ ಒಳ್ಳೆಯ ಸಾಧನ. ಫಲಭಾಗವನ್ನು ಬದಿಗಿಟ್ಟು ಗ್ರಹಸ್ಥಿತಿಯ ಕೋಷ್ಟಕವನ್ನಷ್ಟೇ ನೋಡಿ. ಈಗ ಗುರು ವೃಷಭದಲ್ಲಿ, ಕುಜ (ಮಂಗಳ) ಮಿಥುನದಲ್ಲಿ, ಶನಿ ಕುಂಭದಲ್ಲಿ ಎಂದಿರುತ್ತದೆ. ಶುಕ್ರನೂ ಈಗ ಕುಂಭದಲ್ಲಿದ್ದು 28ರಂದು ಮೀನಕ್ಕೆ ಹೋಗುತ್ತಾನೆ. ನಮ್ಮ ಪಂಚಾಂಗದ ರಾಶಿಗಳು ನಕ್ಷತ್ರಗಳಿಗೆ ಹೊಂದಿಕೊಂಡ ನಿರಯಣ ಪದ್ಧತಿಯವಾದ್ದರಿಂದ, ಗುರು ರೋಹಿಣಿಯಲ್ಲಿದ್ದಾನೆ ಎಂದು ಬರೆದಿದ್ದರೆ ಆಕಾಶದಲ್ಲಿಯೂ ಅವನು ರೋಹಿಣಿಯ ಪಕ್ಕದಲ್ಲಿಯೇ, ಅರ್ಧ ಮುಷ್ಟಿಯಷ್ಟು ಅಂತರದಲ್ಲಿ ಕಾಣುತ್ತಾನೆ. ಅಕ್ಕಪಕ್ಕದಲ್ಲಿ ಕಂಡರೂ ಗುರುವಿನ ಬೆಳಕು ನಮ್ಮನ್ನು ತಲುಪಲು ನಲವತ್ತು ನಿಮಿಷವೂ ಬೇಡ, ರೋಹಿಣಿಯ ಬೆಳಕಿಗೆ 65 ವರ್ಷ ಬೇಕು.

ಉತ್ತರ: ಶಿರಾದ ವಿದ್ಯಾರ್ಥಿ, 25 ಜನವರಿ 2025

ಇಷ್ಟೆಲ್ಲ ಕಷ್ಟವೇಕೆ ಎಂದು ಕೇಳಿದರೆ ಹಿರಿಯರು ಬೇಸರಿಸಬಾರದು. ಸ್ಟೆಲ್ಲೇರಿಯಂ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ಫೋನನ್ನು ಚುಕ್ಕಿಯ ಕಡೆಗೆ ಹಿಡಿದರೆ ಅದು ಗ್ರಹವೋ ನಕ್ಷತ್ರವೋ, ಹೆಸರೇನು, ಎಷ್ಟು ದೂರದಲ್ಲಿದೆ ಎಂಬುದನ್ನೆಲ್ಲ ಅದೇ ಹೇಳುತ್ತದೆ.

ಉತ್ತರ: ತುಮಕೂರಿನ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, 25 ಜನವರಿ 2025

ಬೇಸರವೇನೂ ಇಲ್ಲ, ನಾನೂ ಅದನ್ನು ಬಳಸುತ್ತೇನೆ. ಆದರೆ ಫೋನಿನ ದಿಕ್ಸೂಚಿಯು ಕಬ್ಬಿಣದ ಹತ್ತಿರ ಸುಲಭವಾಗಿ ದಿಕ್ಕು ತಪ್ಪುತ್ತದೆ; ಮೋಟಾರು ಮನೆಯ ತಗಡಿನ ಪಕ್ಕದಲ್ಲಿಯೋ ಟ್ರ್ಯಾಕ್ಟರಿನ ಪಕ್ಕದಲ್ಲಿಯೋ ನಿಂತು ನೋಡಿದರೆ ಪರದೆಯ ಮೇಲಿನ ಗುರು ಒಂದು ಕಡೆ, ಆಕಾಶದ ಗುರು ಇನ್ನೊಂದು ಕಡೆ ಆಗುವುದುಂಟು. ಅದಲ್ಲದೆ ಪರದೆಯ ಬೆಳಕಿಗೆ ಒಡ್ಡಿಕೊಂಡ ಕಣ್ಣು ಕತ್ತಲೆಗೆ ಮತ್ತೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷಕ್ಕಿಂತ ಕಡಿಮೆಯಾಗದು. ಹೆಸರನ್ನು ಖಚಿತಪಡಿಸಿಕೊಳ್ಳಲು ಆ್ಯಪ್ ಇರಲಿ, ಊಹೆಯನ್ನು ಮಾತ್ರ ಮೊದಲು ಕಣ್ಣೇ ಮಾಡಲಿ.

ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಇನ್ನೊಂದು ತೊಡಕೂ ಇದೆ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಇಳಿಯಲು ನಿಮ್ಮ ಕಡೆಗೆ ಮುಖ ಮಾಡಿ ಬರುವ ವಿಮಾನದ ಮುಂದೀಪವು ಕೆಲವು ನಿಮಿಷಗಳ ಕಾಲ ಜಾಗ ಬಿಟ್ಟು ಕದಲದಂತೆ, ಮಿನುಗದೆ, ಶುಕ್ರನಿಗಿಂತಲೂ ಪ್ರಖರವಾಗಿ ಕಾಣಬಹುದು. ಐದು ನಿಮಿಷ ಬಿಟ್ಟು ನೋಡಿದರೆ ಅಲ್ಲಿರುವುದಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ಮಿನುಗುವುದಿಲ್ಲ, ಆದರೆ ಅದು ನೋಡುತ್ತಿರುವಂತೆಯೇ ಚಲಿಸುವುದರಿಂದ ಗೊಂದಲಕ್ಕೆ ಎಡೆಯಿಲ್ಲ.

ಉತ್ತರ: ಗೌರಿಬಿದನೂರಿನಿಂದ, 26 ಜನವರಿ 2025

ಮಿನುಗುವಿಕೆಯನ್ನು ಪೂರ್ತಿಯಾಗಿ ಬದಿಗಿಡಬೇಕೆಂಬ ಆವನಿಯವರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ಸಣ್ಣದು ಮಿನುಗುತ್ತದೆ, ಅಗಲವಾದದ್ದು ಮಿನುಗುವುದಿಲ್ಲ ಎಂಬ ತತ್ವ ಬಹಳ ಬೆಲೆಯುಳ್ಳದ್ದು. ರೇಡಿಯೋ ಅಲೆಗಳನ್ನು ಸೂಸುವ ಆಕಾಶಕಾಯಗಳ ಅಲೆಗಳು ಸೂರ್ಯನಿಂದ ಹೊರಡುವ ಕಣಗಳ ಪ್ರವಾಹವನ್ನು ಹಾದುಬರುವಾಗ, ತೋರಿಕೆಗೆ ಬಹಳ ಚಿಕ್ಕದಾದ ಮೂಲಗಳು ಮಾತ್ರ ಮಿನುಗುತ್ತವೆ ಎಂಬುದು 1964ರಲ್ಲಿ ತಿಳಿದುಬಂತು. ಆ ಮಿನುಗುವಿಕೆಯನ್ನೇ ಅಳೆಯಲು ಕೇಂಬ್ರಿಡ್ಜಿನಲ್ಲಿ ಕಟ್ಟಿದ ರೇಡಿಯೋ ದೂರದರ್ಶಕದಲ್ಲಿಯೇ 1967ರಲ್ಲಿ ಜೋಸೆಲಿನ್ ಬೆಲ್ ಅವರು ಮೊದಲ ಪಲ್ಸಾರನ್ನು, ಅಂದರೆ ಗಡಿಯಾರದಂತೆ ನಿಯತವಾಗಿ ರೇಡಿಯೋ ಮಿಡಿತಗಳನ್ನು ಕಳಿಸುವ ನಕ್ಷತ್ರವನ್ನು, ಪತ್ತೆ ಮಾಡಿದರು.

ಗ್ರಹಗಳಿಗೆ ಸ್ವಂತ ಬೆಳಕಿಲ್ಲ ಎಂಬ ಇನ್ನೊಂದು ಪಾಠವೂ ಕಣ್ಣಿಗೆ ಕಾಣುವ ಬೆಳಕಿನ ಮಟ್ಟಿಗೆ ಮಾತ್ರ ಸರಿ. ಗುರುಗ್ರಹವು ಪ್ರಬಲವಾದ ರೇಡಿಯೋ ಅಲೆಗಳನ್ನು ತಾನೇ ಹೊರಡಿಸುತ್ತದೆ ಎಂಬುದನ್ನು 1955ರಲ್ಲಿ ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ 22.2 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಕಂಡುಕೊಂಡರು. ಆ ಅಲೆಗಳು ಸುಮಾರು 40 ಮೆಗಾಹರ್ಟ್ಸ್‌ವರೆಗೂ ಇವೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1976ರಿಂದ ನಮ್ಮೂರಿನ ಬಳಿ ನಡೆಸಿಕೊಂಡು ಬಂದಿರುವ ಕೇಂದ್ರದಲ್ಲಿ, ಟಿ ಅಕ್ಷರದ ಆಕಾರದಲ್ಲಿ ಒಂದು ಕಿಲೋಮೀಟರಿಗೂ ಉದ್ದಕ್ಕೆ ಕಂಬ ತಂತಿಗಳನ್ನು ಹರಡಿದ ದೂರದರ್ಶಕ ಕೆಲಸ ಮಾಡಿದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಅದೇ ವ್ಯಾಪ್ತಿಯಲ್ಲಿ. ಹೊಲದಲ್ಲಿ ನೆಟ್ಟ ತಂತಿಯ ಸಾಲನ್ನು ನೋಡಿ ದೂರದರ್ಶಕವೆಲ್ಲಿ ಎಂದು ಕೇಳುವವರು ಇಂದಿಗೂ ಇದ್ದಾರೆ.

ಮೂಲ ಪ್ರಶ್ನೆಗೆ ಬರುತ್ತೇನೆ. ನೀವು ದೂರದರ್ಶಕ ಬೇಡ ಎಂದಿರುವಿರಿ, ಆದರೆ ಯಾರ ಬಳಿಯಾದರೂ 10×50 (ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಿಕ್ಕರೆ ಒಂದು ಸಂಜೆಗೆ ಎರವಲು ತನ್ನಿ. ಗೋಡೆಗೋ ಮರಕ್ಕೋ ಒರಗಿ, ಮೊಣಕೈಯನ್ನು ಊರಿಕೊಂಡು ಗುರುವಿನ ಕಡೆಗೆ ಹಿಡಿದರೆ, ಚಿಕ್ಕ ಬಿಂಬದ ಎರಡೂ ಪಕ್ಕಗಳಲ್ಲಿ ಒಂದೇ ಗೆರೆಯ ಮೇಲೆ ಪೋಣಿಸಿದಂತೆ ಅದರ ಉಪಗ್ರಹಗಳು ಕಾಣುತ್ತವೆ. ಗೆಲಿಲಿಯೋ 1610ರ ಜನವರಿ 7ರಂದು ಮೊದಲ ಬಾರಿಗೆ ನೋಡಿದಾಗ ಮೂರನ್ನೇ ಕಂಡು, ನಾಲ್ಕನೆಯದನ್ನು ಆ ವಾರದ ಕೊನೆಗೆ ಕಂಡನು. ನಿಮಗೂ ಯಾವುದಾದರೊಂದು ಬಿಂಬದ ಮುಂದೆ ಅಥವಾ ಹಿಂದೆ ಮರೆಯಾಗಿ ಮೂರೇ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಪಕ್ಕದ ರೋಹಿಣಿಯ ಕಡೆಗೆ ತಿರುಗಿಸಿದರೆ ಅದು ಬಿಂದುವಾಗಿಯೇ ಉಳಿಯುತ್ತದೆ. ಶುಕ್ರನು ಈಗ ಅರ್ಧಚಂದ್ರನಿಗಿಂತ ಸ್ವಲ್ಪ ಕಡಿಮೆ ಬೆಳಗಿದ್ದಾನೆ. ಫೆಬ್ರವರಿಯಲ್ಲಿ ಭೂಮಿಗೆ ಹತ್ತಿರವಾಗುತ್ತಾ ಬಿಂಬ ಹಿಗ್ಗಿ, ಬೆಳಗಿದ ಭಾಗ ಕುಗ್ಗಿ, ಬಿದಿಗೆಯ ಚಂದ್ರನಂತೆ ಬಳುಕಿದ ಆಕಾರಕ್ಕೆ ಬರುತ್ತಾನೆ. ಆಗ ಬೈನಾಕ್ಯುಲರಿನಲ್ಲಿಯೂ ಅದನ್ನು ಗುರುತಿಸಬಹುದು. ಪೂರ್ತಿ ಕತ್ತಲಾದ ಮೇಲೆ ಅವನ ಪ್ರಖರತೆಯಿಂದ ಆಕಾರ ತಿಳಿಯದಾದ್ದರಿಂದ ಸಂಜೆಗೆಂಪು ಇರುವಾಗಲೇ ನೋಡಬೇಕು, ಸೂರ್ಯ ಪೂರ್ತಿ ಮುಳುಗುವ ಮೊದಲು ಮಾತ್ರ ಖಂಡಿತವಾಗಿಯೂ ಬೈನಾಕ್ಯುಲರನ್ನು ಆ ಕಡೆಗೆ ಎತ್ತಬಾರದು. ಶನಿಯ ಉಂಗುರಕ್ಕೆ ಬೈನಾಕ್ಯುಲರ್ ಸಾಲದು. ಅಲ್ಲದೆ ಬರುವ ಮಾರ್ಚಿನಲ್ಲಿ ಉಂಗುರದ ಅಂಚು ಭೂಮಿಯ ಕಡೆಗೆ ತಿರುಗುವುದರಿಂದ ಈಗ ದೂರದರ್ಶಕದಲ್ಲಿಯೂ ಅದು ತೆಳುವಾದ ಗೆರೆ.

ವಾಟ್ಸ್‌ಆ್ಯಪ್ ಸಂದೇಶದ ಬಗ್ಗೆಯೂ ಒಂದು ಮಾತು. ಶುಕ್ರ, ಶನಿ, ಗುರು, ಮಂಗಳ ಈ ನಾಲ್ಕೂ ಸಂಜೆಯ ಆಕಾಶದಲ್ಲಿ ಒಟ್ಟಿಗೆ ಇರುವುದು ನಿಜ, ಯುರೇನಸ್ ಮತ್ತು ನೆಪ್ಚೂನ್ ಸಹ ಅವುಗಳ ನಡುವೆ ಇವೆ. ಆದರೆ ನೆಪ್ಚೂನ್ ಬರಿಗಣ್ಣಿಗೆ ಕಾಣುವುದಿಲ್ಲ. ಯುರೇನಸ್ಸನ್ನು ತುಂಬ ಕತ್ತಲೆಯ ಜಾಗದಲ್ಲಿ ನಿಂತವರು ಮಾತ್ರ, ಎಲ್ಲಿದೆ ಎಂದು ನಿಖರವಾಗಿ ಗೊತ್ತಿದ್ದರೆ ಕಾಣಬಹುದು. ಸಾಲಿನಲ್ಲಿ ನಿಲ್ಲುವುದಾದರೋ ಒಂದು ದಿನದ ಪವಾಡವಲ್ಲ. ಆವನಿಯವರು ವಿವರಿಸಿದ ದಾರಿಯ ಮೇಲೆ ಅವು ಯಾವಾಗಲೂ ಇರುವಂಥವೇ, ಈಗ ಸೂರ್ಯನ ಒಂದೇ ಪಕ್ಕದಲ್ಲಿ ಹಲವು ಸೇರಿವೆ ಎಂಬುದಷ್ಟೇ ವಿಶೇಷ. ಫೆಬ್ರವರಿಯಲ್ಲಿಯೂ ಧಾರಾಳವಾಗಿ ನೋಡಬಹುದು.

ಮರುಪ್ರಶ್ನೆ: ಚಿಂತಾಮಣಿಯ ಟೊಮೆಟೊ ಬೆಳೆಗಾರ, 26 ಜನವರಿ 2025

ಎಲ್ಲರಿಗೂ ಧನ್ಯವಾದಗಳು. ಎಂಟು ಗಂಟೆಗೆ ಮಂಗಳ ಮತ್ತು ಲುಬ್ಧಕಗಳನ್ನು ಹೋಲಿಸಿ ನೋಡಿದೆವು, ವ್ಯತ್ಯಾಸ ಸ್ಪಷ್ಟವಾಗಿ ತಿಳಿಯಿತು. ಒಂದು ಸಂಶಯ ಉಳಿದಿದೆ. ಕೆಂಪು ಛಾಯೆಯ ಚುಕ್ಕಿಗಳು ಒಟ್ಟು ಮೂರು ಕಾಣುತ್ತಿವೆ: ಗುರುವಿನ ಪಕ್ಕದ ರೋಹಿಣಿ, ಪೂರ್ವದ ಮಂಗಳ, ಇವೆರಡರ ನಡುವೆ ಸ್ವಲ್ಪ ದಕ್ಷಿಣಕ್ಕೆ ಇನ್ನೊಂದು. ಬಣ್ಣವನ್ನು ನೋಡಿ ಮಂಗಳವೆಂದು ಹೇಳುವುದು ಸರಿಯೇ? ಮೂರು ತಿಂಗಳ ನಂತರ ನೋಡಿದರೂ ಅದನ್ನು ಗುರುತಿಸುವುದು ಹೇಗೆ ಎಂದು ಮಗಳು ಕೇಳುತ್ತಿದ್ದಾಳೆ.

ಉತ್ತರ: ಆವನಿಯ ಓದುಗ, 27 ಜನವರಿ 2025

ನಡುವೆ ಇರುವುದು ಮಹಾವ್ಯಾಧ (ಒರಾಯನ್) ಎಂಬ ನಕ್ಷತ್ರಪುಂಜದ ಭುಜದ ಮೇಲಿನ ಆರ್ದ್ರೆ. ಒಂದೇ ಗೆರೆಯಲ್ಲಿರುವ ಮೂರು ಚುಕ್ಕಿಗಳ ನಡುಪಟ್ಟಿಯಿಂದ ಉತ್ತರದ ಕಡೆಗೆ ಒಂದು ಮುಷ್ಟಿಯಷ್ಟು ಸರಿದರೆ ಸಿಗುತ್ತದೆ. ಬಣ್ಣವು ಸಹಾಯ ಮಾಡುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ, ಏಕೆಂದರೆ ಮಂಗಳನ ಕೆಂಪು ಅಲ್ಲಿನ ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನದು, ರೋಹಿಣಿ ಮತ್ತು ಆರ್ದ್ರೆಗಳ ಕೆಂಪು ಸೂರ್ಯನಿಗಿಂತ ತಣ್ಣಗಿರುವ ಅವುಗಳ ಮೇಲ್ಮೈಯದು. ಕಾರಣ ಬೇರೆಯಾದರೂ ಕಣ್ಣಿಗೆ ಕಾಣುವ ಛಾಯೆ ಹತ್ತಿರ ಹತ್ತಿರ ಒಂದೇ. ಹೊಳಪೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಆರ್ದ್ರೆಯು ತಾನೇ ಏರಿಳಿಯುವ ನಕ್ಷತ್ರ; 2020ರ ಫೆಬ್ರವರಿಯಲ್ಲಿ ಅದು ಎಷ್ಟು ಮಂಕಾಯಿತೆಂದರೆ ಮಹಾವ್ಯಾಧನ ಆಕಾರವೇ ಬದಲಾದಂತೆ ತೋರುತ್ತಿತ್ತು.

ಗ್ರಹವನ್ನು ಸಂಶಯವಿಲ್ಲದೆ ತೋರಿಸಿಕೊಡುವುದು ಅದರ ನಡಿಗೆ, ಅದನ್ನು ನೋಡಲು ಮಂಗಳನಿಗಿಂತ ಒಳ್ಳೆಯವನು ಬೇರೊಬ್ಬನಿಲ್ಲ. ಜನವರಿ 16ರಂದು ಸೂರ್ಯನಿಗೆ ನೇರ ಎದುರಿಗೆ ಬಂದಿದ್ದ ಮಂಗಳನು ಈಗ ವಕ್ರಗತಿಯಲ್ಲಿದ್ದಾನೆ. ಅವನನ್ನು ಭೂಮಿಯು ಒಳಗಿನ ಕಕ್ಷೆಯಲ್ಲಿ ಹಿಂದಿಕ್ಕಿ ಮುಂದೆ ಹೋಗುತ್ತಿರುವುದರಿಂದ ಅವನು ನಕ್ಷತ್ರಗಳ ನಡುವೆ ಹಿಂದಕ್ಕೆ, ಅಂದರೆ ಪಶ್ಚಿಮದ ಕಡೆಗೆ ಸರಿಯುತ್ತಿರುವಂತೆ ಕಾಣುತ್ತದೆ. ಅವನ ಪಕ್ಕದಲ್ಲಿ ಅವಳಿಗಳಂತೆ ಕಾಣುವ ಎರಡು ನಕ್ಷತ್ರಗಳೇ ಪುನರ್ವಸು. ಹತ್ತಿರದ ಪುನರ್ವಸುವಿನಿಂದ ಮಂಗಳನಿಗೆ ಈ ವಾರ ಎರಡೂವರೆಯಿಂದ ಮೂರು ಡಿಗ್ರಿಯಷ್ಟು ಅಂತರವಿದೆ. ಮಗಳಿಗೆ ನೋಟ್‌ಪುಸ್ತಕದಲ್ಲಿ ಮೂರೂ ಚುಕ್ಕಿಗಳನ್ನು ಕಂಡಂತೆ ಬರೆದಿಡಲು ಹೇಳಿ. ಫೆಬ್ರವರಿ 24ರವರೆಗೆ ಆ ಅಂತರ ಬೆಳೆಯುತ್ತಾ ಏಳು ಡಿಗ್ರಿಯ ಹತ್ತಿರ ಬರುತ್ತದೆ. ಅಲ್ಲಿ ಅವನು ನಿಂತಂತೆ ತೋರಿ, ತಿರುಗಿ, ಯುಗಾದಿಯ ಹೊತ್ತಿಗೆ ಪುನರ್ವಸುವಿನ ಪಕ್ಕಕ್ಕೆ ಮತ್ತೆ ಬಂದು, ಆಮೇಲೆ ಪೂರ್ವಕ್ಕೆ ಮುಂದುವರಿಯುತ್ತಾನೆ. ಅಷ್ಟರಲ್ಲಿ ಭೂಮಿಯಿಂದ ದೂರವಾಗಿ ಅವನ ಹೊಳಪೂ ಇಳಿದಿರುತ್ತದೆ. ಈಗ ಲುಬ್ಧಕಕ್ಕೆ ಸಮನಾಗಿ ಹೊಳೆಯುವವನು ಏಪ್ರಿಲ್ ಕೊನೆಗೆ ಪುನರ್ವಸುವಿನಷ್ಟೇ ಸಾಧಾರಣವಾಗಿ ಕಾಣುತ್ತಾನೆ. ಬೆಳ್ಳಿಯೂ ಅಷ್ಟರೊಳಗೆ ಸಂಜೆಯ ಆಕಾಶವನ್ನು ಬಿಟ್ಟಿರುತ್ತದೆ. ಮಾರ್ಚ್ 23ರ ಸುಮಾರಿಗೆ ಶುಕ್ರನು ಭೂಮಿ ಮತ್ತು ಸೂರ್ಯರ ನಡುವೆ ಹಾದು, ಏಪ್ರಿಲ್‌ನಲ್ಲಿ ಬೆಳಗಿನ ಜಾವ ಪೂರ್ವದಲ್ಲಿ ಕಾಣಿಸಿಕೊಳ್ಳುತ್ತಾನೆ.

ಚಿತ್ರ ಬರೆಯುವಾಗ ಒಂದು ವಿಷಯ ಗಮನದಲ್ಲಿರಲಿ. ಎಲ್ಲ ನಕ್ಷತ್ರಗಳೂ ದಿನಕ್ಕೆ ಸುಮಾರು ನಾಲ್ಕು ನಿಮಿಷ ಮೊದಲೇ ಮೂಡುವುದರಿಂದ, ಒಂದು ತಿಂಗಳ ನಂತರ ಅದೇ ಎಂಟು ಗಂಟೆಗೆ ನೋಡಿದರೆ ಇಡೀ ಆಕಾಶವೇ ಪಶ್ಚಿಮಕ್ಕೆ ಮೂರು ಮುಷ್ಟಿಯಷ್ಟು ಸರಿದಿರುತ್ತದೆ. ಅದನ್ನು ಗ್ರಹದ ಚಲನೆಯೆಂದು ಎಣಿಸಬಾರದು. ತೆಂಗಿನ ಮರದಿಂದಲೋ ಮೋಟಾರು ಮನೆಯ ಮೂಲೆಯಿಂದಲೋ ಅಳೆಯದೆ, ಪುನರ್ವಸುವಿನಿಂದ ಮಂಗಳನಿಗೆ ಎಷ್ಟು ಬೆರಳು ಎಂಬುದನ್ನಷ್ಟೇ ಅಳೆಯಬೇಕು. ಚಾಚಿದ ಕೈಯ ಕಿರುಬೆರಳು ಒಂದು ಡಿಗ್ರಿ, ನಡುವಿನ ಮೂರು ಬೆರಳು ಸೇರಿದರೆ ಐದು ಡಿಗ್ರಿ. ವಾರಕ್ಕೊಮ್ಮೆ ಬರೆದರೆ ಸಾಕು, ಮೋಡವಿದ್ದ ವಾರ ಬಿಟ್ಟರೂ ನಷ್ಟವಿಲ್ಲ.